ಟ್ರ್ಯಾಕಿನಲ್ಲಿ ಬಿದ್ದ ಹಾಸಿಗೆ ಸಾಹುಕಾರರು

ಬೈಕಿನಿಂದ ಬಿದ್ದದ್ದು ಮಗಳು; ಎಚ್ಚರ ತಪ್ಪಿದ್ದು ಅಪ್ಪನಿಗೆ.

ಶನಿವಾರದ ಅಭ್ಯಾಸ ನಡೆಯುತ್ತಿತ್ತು. ಒಂಬತ್ತು ವರ್ಷದ ಹುಡುಗಿ ತನ್ನ ಪುಟ್ಟ ರೇಸ್ ಬೈಕನ್ನು ತಿರುವಿನಲ್ಲಿ ಸ್ವಲ್ಪ ಹೆಚ್ಚೇ ವಾಲಿಸಿದಳು. ಬೈಕು ಒಂದು ಕಡೆ ಜಾರಿತು, ಅವಳು ಇನ್ನೊಂದು ಕಡೆ ಜಾರಿದಳು. ಹುಲ್ಲಿನ ಮೇಲೆ ಎರಡು ಉರುಳು ಉರುಳಿ, ಎದ್ದು, ಮೊಣಕಾಲಿನ ಮಣ್ಣು ಕೊಡವಿ, ಬೈಕನ್ನು ಎತ್ತಿ ನಿಲ್ಲಿಸಿ ಹ್ಯಾಂಡಲ್ ನೆಟ್ಟಗಿದೆಯಾ ಅಂತ ಒಂದು ಕಣ್ಣು ಮುಚ್ಚಿ ಪರೀಕ್ಷೆ ಮಾಡುತ್ತಿದ್ದಳು. ಅಷ್ಟರಲ್ಲಿ ಬೆನ್ನ ಹಿಂದೆ 'ಧಡ್' ಅಂತ ಸದ್ದಾಯಿತು. ತಿರುಗಿ ನೋಡಿದರೆ ಅವಳ ಅಪ್ಪ. ಬೇಲಿಯ ಗೇಟು ತಳ್ಳಿಕೊಂಡು ಟ್ರ್ಯಾಕಿನೊಳಗೆ ನುಗ್ಗಿದವರು, ಮಗಳ ತನಕ ತಲುಪುವ ಮೊದಲೇ ಕಣ್ಣು ಮೇಲೆ ಮಾಡಿ, ಕಡಿದ ಬಾಳೆಗಿಡದ ಹಾಗೆ ಟಾರಿನ ಮೇಲೆ ಅಡ್ಡಡ್ಡ ಮಲಗಿಬಿಟ್ಟಿದ್ದರು. ಹಣೆಯಲ್ಲಿ ರಕ್ತ.

ಸ್ಟ್ರೆಚರ್ ಬಂತು. ಅದು ಮಕ್ಕಳಿಗೆಂದು ಇಟ್ಟದ್ದು. ಹಾಗಾಗಿ ಅಪ್ಪನ ಎರಡು ಕಾಲೂ ಮೊಣಕಾಲಿನಿಂದ ಕೆಳಗೆ ಹೊರಗೇ ಜೋತಾಡಿದವು. ಪಕ್ಕದಲ್ಲಿ ಹೆಲ್ಮೆಟ್ ಹಾಕಿಕೊಂಡೇ ಓಡಿ ಬರುತ್ತಿದ್ದ ಮಗಳು ಅವರ ಕೈ ಹಿಡಿದು, "ಅಪ್ಪಾ, ಹೆದರ್ಕೋಬೇಡ. ಉಸಿರು ಎಳ್ಕೋ, ಬಿಡು. ಎಳ್ಕೋ, ಬಿಡು," ಅನ್ನುತ್ತಿದ್ದಳು.

ಈ ಅಪ್ಪನನ್ನು ಬೀದಿಯವರು ಹಾಸಿಗೆ ಸಾಹುಕಾರರು ಅನ್ನುತ್ತಿದ್ದರು. ಸಾಹುಕಾರಿಕೆ ಏನೂ ಇರಲಿಲ್ಲ. ಹಾಸಿಗೆ ಮಾತ್ರ ಇತ್ತು. ಅವರ ಅಂಗಡಿಯಲ್ಲಿ ಯಾರೂ ಅವಸರ ಮಾಡಿದ್ದಿಲ್ಲ. ಹಾಸಿಗೆ ಹೇಗಿದೆ ನೋಡೋಣ ಅಂತ ಮೈ ಚಾಚಿದ ಗಿರಾಕಿ ಗೊರಕೆ ಹೊಡೆಯಲು ಶುರು ಮಾಡಿದರೆ ಸಾಹುಕಾರರು ಎಬ್ಬಿಸುತ್ತಿರಲಿಲ್ಲ; ಬೆರಳ ತುದಿಯಲ್ಲಿ ನಡೆದು ಹೋಗಿ ಆ ಕಡೆಯ ದೀಪ ಆರಿಸುತ್ತಿದ್ದರು. ಅವರ ಸ್ಕೂಟರು ಬೀದಿಯಲ್ಲಿ ಹೋಗುವಾಗ ಪಕ್ಕದಲ್ಲಿ ನಡೆದು ಹೋಗುವವರು ಮನೆ ಮಂದಿಯ ಯೋಗಕ್ಷೇಮವನ್ನೆಲ್ಲ ವಿಚಾರಿಸಿ ಮುಗಿಸಿ, "ನಾವು ಸ್ವಲ್ಪ ಮುಂದೆ ಹೋಗ್ತೀವಿ ಸಾಹುಕಾರ್ರೇ, ಅರ್ಜೆಂಟಿದೆ," ಅಂತ ಹೇಳಿ ಮುಂದೆ ಹೋಗುತ್ತಿದ್ದರು.

ಇಂಥವರ ಹೊಟ್ಟೆಯಲ್ಲಿ ಇಂಥ ಮಗಳು ಹುಟ್ಟಿದ್ದು ದೇವರ ಲೆಕ್ಕ. ಗೆಳತಿಯ ಹುಟ್ಟುಹಬ್ಬಕ್ಕೆ ಅಂತ ಕಾರ್ಟ್ ಟ್ರ್ಯಾಕಿಗೆ ಹೋದವಳು, ನೆಲಕ್ಕಂಟಿದ ಆ ಪುಟ್ಟ ನಾಲ್ಕು ಚಕ್ರದ ಗಾಡಿಯಲ್ಲಿ ಕೂತಳು. ಆಮೇಲೆ ಇಳಿಸಲು ಇಬ್ಬರು ಬೇಕಾಯಿತು. ಮರುವರ್ಷದ ಹೊತ್ತಿಗೆ ಶನಿವಾರ ಬೈಕು, ಭಾನುವಾರ ಕಾರ್ಟು. ಟ್ರ್ಯಾಕಿನಲ್ಲಿ ಎಲ್ಲರೂ ಅವಳನ್ನು ಚಿನಕುರುಳಿ ಅನ್ನುತ್ತಿದ್ದರು. ಅವಳ ಅಮ್ಮ ಶಾಲೆಯಲ್ಲಿ ಲೆಕ್ಕದ ಟೀಚರು. ಮಗಳಿಗೆ ರೇಸು ಬೇಕು ಅಂದ ದಿನವೇ ಆಕೆ ಸ್ಟಾಪ್‌ವಾಚು ಕೊಂಡು, ಟೈರಿಗೆ ಗಾಳಿ ನೋಡುವುದು, ಚೈನಿಗೆ ಎಣ್ಣೆ ಬಿಡುವುದು ಎಲ್ಲ ಕಲಿತುಬಿಟ್ಟರು. ಸಾಹುಕಾರರಿಗೆ ಉಳಿದ ಕೆಲಸ ಕೊಡೆ ಹಿಡಿಯುವುದು, ನೀರಿನ ಬಾಟಲಿ ಹಿಡಿಯುವುದು, ಬಾಳೆಹಣ್ಣು ಸುಲಿದು ಕೊಡುವುದು. ಬಾವುಟ ಬಿದ್ದ ಕೂಡಲೇ ಅವರು ಕಣ್ಣು ಮುಚ್ಚಿಕೊಂಡು, "ನಿಧಾನ ಪುಟ್ಟೀ, ನಿಧಾನಾ!" ಅಂತ ಕೂಗುತ್ತಿದ್ದರು. ಇಡೀ ಟ್ರ್ಯಾಕಿನಲ್ಲಿ ಹಾಗೆ ಕೂಗುವವರು ಅವರೊಬ್ಬರೇ. ಯಾವಾಗಲೂ ಬಾಯಲ್ಲಿ ಸೀಟಿ ಕಚ್ಚಿಕೊಂಡಿರುವ ಕೋಚ್ ಮೇಡಂ ಒಂದು ದಿನ ತಾಳ್ಮೆ ಕೆಟ್ಟು, "ಸರ್, ನೀವು ಬೇಲಿ ಹಿಂದೆ ನಿಲ್ಲಿ. ಆದ್ರೆ ಇನ್ನೊಂದು ಬೇಲಿ ಹಿಂದೆ," ಅಂದಿದ್ದರು.

ಎಚ್ಚರ ತಪ್ಪಿದ ಮಾರನೇ ದಿನ ಸಾಹುಕಾರರು ಹಣೆಗೆ ಪಟ್ಟಿ ಕಟ್ಟಿಕೊಂಡು ಗಡ್ಡ ಮಾಡಿಸಿಕೊಳ್ಳಲು ಹೋದರು. ಸುದ್ದಿ ಅವರಿಗಿಂತ ಮೊದಲೇ ಹೋಗಿ ಅಲ್ಲಿ ಕೂತಿತ್ತು.

"ಏನು ಸಾಹುಕಾರ್ರೇ," ಕ್ಷೌರದವನು ನೊರೆ ಹಚ್ಚುತ್ತಾ ಕೇಳಿದ, "ರೇಸ್ ಟ್ರ್ಯಾಕಲ್ಲಿ ಬಿದ್ರಂತೆ? ಸ್ಟ್ರೆಚರ್ ಮೇಲೆ ಹೊತ್ಕೊಂಡು ಹೋದ್ರಂತೆ?"

ಬೆಂಚಿನ ಮೇಲೆ ಸರದಿ ಕಾಯುತ್ತಿದ್ದವರೆಲ್ಲ ಪೇಪರು ಕೆಳಗಿಳಿಸಿದರು. ಕನ್ನಡಿಯಲ್ಲಿ ಅಷ್ಟೂ ಕಣ್ಣು ಸಾಹುಕಾರರನ್ನೇ ನೋಡುತ್ತಿದ್ದವು. ಅರ್ಧ ಮುಖಕ್ಕೆ ನೊರೆ ಹಚ್ಚಿಕೊಂಡು, ಅಷ್ಟು ಜನ ಗಂಡಸರ ಮುಂದೆ, 'ಮಗಳು ಬಿದ್ದಿದ್ದು ನೋಡಿ ನನಗೆ ತಲೆ ಸುತ್ತಿ ಬಂತು' ಅಂತ ಹೇಳಬಲ್ಲವರು ಮಹಾತ್ಮರು. ನಮ್ಮವರು ಹಾಸಿಗೆ ವ್ಯಾಪಾರಿ.

"ಹೂಂ, ಬಿದ್ದೆ," ಅಂದರು. ಇದು ನಿಜ.

"ತಿರುವಿನಲ್ಲಾ?"

"ತಿರುವಿನ ಹತ್ರಾನೇ." ಇದೂ ನಿಜ.

"ಸ್ಪೀಡು ಎಷ್ಟಿತ್ತು?"

"ಅದನ್ನೆಲ್ಲ ನೋಡೋಕೆ ಆಗ ಪುರಸೊತ್ತು ಎಲ್ಲಿತ್ತು?"

"ಇದೇ ಮೊದಲ ಸಲಾನಾ?"

"ಇಲ್ಲಪ್ಪ. ಮುಂಚೆನೂ ಬಿದ್ದಿದ್ದೀನಿ. ಈ ಸೊಂಟದ ನೋವು ಆಗಿನದೇ." ಇದೂ ಅಪ್ಪಟ ನಿಜ. ಅಂಗಡಿಯ ಫ್ಯಾನು ಒರೆಸಲು ಹಾಸಿಗೆ ರಾಶಿಯ ಮೇಲೆ ಹತ್ತಿದ್ದಾಗ ಬಿದ್ದದ್ದು.

ಕ್ಷೌರದವನ ಕೈ ಅಲ್ಲೇ ನಿಂತಿತು. "ಅಂದ್ರೆ ಹಳೇ ಹುಲಿ!" ಅಂದ. "ನೋಡಿ, ನಾನು ಯೋಚಿಸ್ತಾನೇ ಇದ್ದೆ. ಆ ಮಗೂಗೆ ಈ ವಿದ್ಯೆ ಎಲ್ಲಿಂದ ಬಂತು ಅಂತ. ನೂಲಿನಂತೆ ಸೀರೆ, ಅಪ್ಪನಂತೆ ಮಗಳು! ಎಷ್ಟು ರೇಸ್ ಓಡ್ಸಿರಬೌದು ನೀವು ಆ ಕಾಲದಲ್ಲಿ?"

ಸಾಹುಕಾರರು ತಿದ್ದಬೇಕಿತ್ತು. ಆದರೆ ಕತ್ತಿನ ಮೇಲೆ ಕತ್ತಿ ಇರುವಾಗ ಯಾರೂ ವಾದಕ್ಕಿಳಿಯುವುದಿಲ್ಲ. ಕತ್ತಿ ಮೇಲೇಳುವ ಹೊತ್ತಿಗೆ ಬೆಂಚಿನವರು ಬಾಯಲ್ಲೇ ಅವರಿಗೆ ರೇಸಿನ ಎರಡು ಕಪ್ಪು ಗೆಲ್ಲಿಸಿಯಾಗಿತ್ತು. ಒಬ್ಬ ಎದ್ದು ನಿಂತು ಜಾಗ ಬಿಟ್ಟುಕೊಟ್ಟ. ಇನ್ನೊಬ್ಬ ಚಪ್ಪಲಿ ನೇರ ಮಾಡಿ ಇಟ್ಟ. ಹುಟ್ಟಿದ ಮೇಲೆ ಅವರ ಚಪ್ಪಲಿಯನ್ನು ಯಾರೂ ನೇರ ಮಾಡಿದ್ದಿಲ್ಲ. ಸಾಹುಕಾರರು ಸೊಂಟದ ಮೇಲೆ ಕೈ ಇಟ್ಟುಕೊಂಡು, ಇದ್ದದ್ದಕ್ಕಿಂತ ಒಂಚೂರು ಹೆಚ್ಚು ಕುಂಟುತ್ತಾ ಹೊರಗೆ ಬಂದರು. ಅವರು ಸುಳ್ಳು ಹೇಳಲಿಲ್ಲ. ಸುಳ್ಳಿಗೆ ದಾರಿ ಬಿಟ್ಟರು, ಅಷ್ಟೇ. ಮಿಕ್ಕದ್ದನ್ನು ಅದು ತಾನೇ ನೋಡಿಕೊಂಡಿತು.

ಮರುದಿನ ಬೆಳಿಗ್ಗೆ ವೃತ್ತದ ಬಳಿ ಟ್ರಾಫಿಕ್ ಪೊಲೀಸಿನವನು ನಾಲ್ಕೂ ದಿಕ್ಕಿನ ವಾಹನ ನಿಲ್ಲಿಸಿ ಸಾಹುಕಾರರ ಸ್ಕೂಟರಿಗೆ ಸಲಾಮು ಹೊಡೆದ. ಇವರು ಲೈಸೆನ್ಸಿಗೆ ಜೇಬು ತಡಕಿದರು.

"ಸಾರ್, ಇಷ್ಟು ವರ್ಷ ನೀವು ಓಡಿಸೋದು ನೋಡಿ ಭಯ ಅಂದ್ಕೊಂಡಿದ್ದೆ. ನನ್ನನ್ನ ಕ್ಷಮಿಸ್ಬೇಕು. ಅದು ಭಯ ಅಲ್ಲ, ಸಂಯಮ!" ಅಂದವನೇ ಪಕ್ಕದಲ್ಲಿ ಬೈಕು ಗುರುಗುಟ್ಟಿಸುತ್ತಿದ್ದ ಇಬ್ಬರು ಹುಡುಗರ ಕಡೆ ತಿರುಗಿದ. "ನೋಡ್ರೋ! ಮನಸ್ಸು ಮಾಡಿದ್ರೆ ಗಾಳಿ ಥರ ಹೋಗೋ ಮನುಷ್ಯ. ಹೋಗ್ತಾರಾ? ಹೋಗಲ್ಲ! ಕಲೀರಿ!"

ಹಿಂದೆ ಲಾರಿಯವನು ಹಾರ್ನ್ ಹೊಡೆದ.

"ಏಯ್! ಯಾರಿಗೆ ಹಾರ್ನ್ ಹೊಡೀತಿದ್ದೀಯ, ಗೊತ್ತಾ?" ಅಂತ ಪೊಲೀಸಿನವನು ಗುಡುಗಿದ. ಲಾರಿಯವನು ಇಳಿದು ಬಂದು ತಪ್ಪಾಯಿತು ಅಂದ. ಸಾಹುಕಾರರು ಬೆವರುತ್ತಾ ಹೊರಟರು. ಲಾರಿ, ಬಸ್ಸು, ಎರಡು ಬೈಕು ಅಷ್ಟೂ ಅವರ ಹಿಂದೆ ಮೆರವಣಿಗೆಯ ಹಾಗೆ ನಿಧಾನಕ್ಕೆ ಬಂದವು. ಯಾರೂ ಮುಂದೆ ಹೋಗಲು ಧೈರ್ಯ ಮಾಡಲಿಲ್ಲ.

ಗಾಳಿಮಾತಿಗೆ ಬ್ರೇಕಿಲ್ಲ. ವಾರ ಮುಗಿಯುವುದರೊಳಗೆ ಅದು ಸಾಹುಕಾರರ ಅತ್ತೆಯ ಮನೆ ಮುಟ್ಟಿತು. ಆಕೆ ಕೈಚೀಲ ಹಿಡಿದು ಬಂದು, ಕುರ್ಚಿಯ ಮೇಲೆ ಕೂತು, ಕೊಟ್ಟ ನೀರನ್ನು ಮುಟ್ಟದೆ ಪಕ್ಕಕ್ಕಿಟ್ಟರು.

"ಅಳಿಯಂದಿರೇ, ಈ ವಿಷಯ ಮದುವೆಗೆ ಮುಂಚೆ ನಮಗೆ ಯಾಕೆ ಹೇಳಲಿಲ್ಲ?"

"ಯಾವ ವಿಷಯ ಅತ್ತೆ?"

"ಹಾಸಿಗೆ ವ್ಯಾಪಾರ, ಮೆತ್ತನೆ ಮನುಷ್ಯ, ಹುಡುಗಿ ಸುಖವಾಗಿರ್ತಾಳೆ ಅಂತ ನಂಬಿ ಕೊಟ್ವಿ. ನೋಡಿದ್ರೆ ರೇಸಂತೆ! ಸೊಂಟ ಮುರ್ಕೊಂಡಿದ್ರಂತೆ! ಬೆಂಕಿ ಹತ್ತಿದ ಗಾಡಿಯಿಂದ ಹಾರಿದ್ರಂತೆ!"

"ಬೆಂಕೀನಾ?" ಸಾಹುಕಾರರಿಗೂ ಇದು ಹೊಸ ಸುದ್ದಿ.

ಮೂಲೆಯಲ್ಲಿ ಮಕ್ಕಳ ಲೆಕ್ಕ ತಿದ್ದುತ್ತಿದ್ದ ಹೆಂಡತಿ ತಲೆ ಎತ್ತದೆ ಹೇಳಿದರು: "ಎರಡು ಸಲ ಹಾರಿದ್ರಂತೆ ಅಮ್ಮ. ತರಕಾರಿಯವಳು ಹೇಳ್ತಿದ್ಲು. ಎರಡನೇ ಸಲ ಬೆನ್ನ ಮೇಲೆ ಇನ್ನೊಬ್ಬರನ್ನ ಹೊತ್ಕೊಂಡು."

"ಲೇ, ನೀನಾದ್ರೂ ನಿಜ ಹೇಳೇ!" ಅಂದರು ಸಾಹುಕಾರರು.

"ನಾನೇನ್ ಹೇಳ್ಲಿ? ಬಿದ್ದೋರು ನೀವು. ಏಳೋದೂ ನೀವೇ," ಅಂತ ಆಕೆ ಯಾರದೋ ತಪ್ಪು ಉತ್ತರಕ್ಕೆ ಕೆಂಪು ಗೆರೆ ಎಳೆದರು.

ಸಾಹುಕಾರರು ಗಂಟಲು ಸರಿ ಮಾಡಿಕೊಂಡರು. ಈಗ ಹೇಳಿಬಿಡುವುದೇ ಅಂತ ಬಾಯಿ ತೆರೆದರು. ಅದೇ ಹೊತ್ತಿಗೆ ಬಾಗಿಲಲ್ಲಿ ಚಿನಕುರುಳಿ ನಿಂತಿದ್ದಳು. ಶಾಲೆಯ ಚೀಲ ಅರ್ಧ ಇಳಿಸಿದ್ದಳು, ಒಂದು ಕಾಲಲ್ಲಿ ಮಾತ್ರ ಕಾಲುಚೀಲ. ಕಣ್ಣು ಎರಡು ಹೆಡ್‌ಲೈಟಿನ ಹಾಗೆ ಉರಿಯುತ್ತಿದ್ದವು.

"ಅಪ್ಪಾ, ನಿಜಾನಾ? ಸ್ಕೂಲಲ್ಲಿ ಎಲ್ಲಾರೂ ಹೇಳ್ತಿದಾರೆ."

ಸಾಹುಕಾರರ ಬಾಯಿ ತೆರೆದೇ ಇತ್ತು.

"ಹಾಗಾದ್ರೆ ಅವತ್ತು ನಾನು ಬಿದ್ದಾಗ ನಿಂಗೆ ಹಳೇದೆಲ್ಲ ನೆನಪಾಗಿ ತಲೆ ಸುತ್ತಿಬಿಡ್ತು, ಅಲ್ವಾ?"

ಮಗಳ ಅಂಥ ನೋಟ ಅವರ ಮೇಲೆ ಎಂದೂ ಬಿದ್ದಿರಲಿಲ್ಲ. ಬಾಳೆಹಣ್ಣು ಸುಲಿದು ಕೊಡುವ ಅಪ್ಪನನ್ನು ಮಕ್ಕಳು ಪ್ರೀತಿಸುತ್ತಾರೆ, ಹೀಗೆ ನೋಡುವುದಿಲ್ಲ.

"ಅದು... ಬಹಳ ಹಿಂದಿನ ಮಾತು ಪುಟ್ಟಿ," ಅಂದುಬಿಟ್ಟರು.

ಇದು ಅವರು ಬಾಯಿಬಿಟ್ಟು ಹೇಳಿದ ಮೊದಲ ಸುಳ್ಳು. ಹೆಂಡತಿಯ ಪೆನ್ನು ಅರೆಕ್ಷಣ ನಿಂತು ಮತ್ತೆ ನಡೆಯಿತು. ಅತ್ತೆ ನೀರಿನ ಲೋಟವನ್ನು ಇನ್ನೂ ದೂರ ತಳ್ಳಿದರು.

ಚಿನಕುರುಳಿ ಅಪ್ಪನ ಪಕ್ಕಕ್ಕೆ ಬಂದು ಕೂತು ಗುಟ್ಟಿನ ದನಿಯಲ್ಲಿ ಕೇಳಿದಳು: "ಭಾನುವಾರ ದೊಡ್ಡ ಕಾರ್ಟ್ ರೇಸು ಇದೆಯಲ್ಲ, ಆ ಉದ್ದ ತಿರುವಿನಲ್ಲಿ ನಾನು ಯಾವಾಗ್ಲೂ ಜಾರ್ತೀನಿ. ಅಲ್ಲಿ ನೀನು ಏನ್ ಮಾಡ್ತಿದ್ದೆ?"

ಸಾಹುಕಾರರಿಗೆ ಗೊತ್ತಿದ್ದ ತಿರುವುಗಳೆಲ್ಲ ಮನೆಗೂ ಅಂಗಡಿಗೂ ನಡುವೆ ಇದ್ದವು. ಅಲ್ಲಿ ತಾವು ಮಾಡುತ್ತಿದ್ದುದನ್ನೇ ಹೇಳಿದರು. "ತಿರುವಿನಲ್ಲಿ ಆತುರ ಬೇಡ ಪುಟ್ಟಿ. ಹಿಂದೆ ಬರೋರಿಗೆ ಕೈ ತೋರಿಸಿ ದಾರಿ ಬಿಡಬೇಕು. ಎಲ್ಲರೂ ಹೋಗಿಬಿಟ್ರೆ ಆಮೇಲೆ ರಸ್ತೆ ಪೂರ್ತಿ ನಮ್ಮದೇ."

ಮಗಳು ಅದನ್ನು ಮಂತ್ರದ ಹಾಗೆ ತುಟಿಯಲ್ಲೇ ಎರಡು ಸಲ ಹೇಳಿಕೊಂಡಳು. "ಯಾರಿಗೂ ಹೇಳಲ್ಲಪ್ಪ," ಅಂದಳು.

ಅದೇ ಸಂಜೆ ರೇಸ್ ಕ್ಲಬ್ಬಿನ ಕಾರ್ಯದರ್ಶಿಯ ಫೋನು. ಆತನೂ ಅದೇ ಕ್ಷೌರದಂಗಡಿಯ ಗಿರಾಕಿ. "ಸಾರ್, ಭಾನುವಾರ ಅಪ್ಪ-ಅಮ್ಮಂದಿರಿಗೂ ಒಂದು ಚಿಕ್ಕ ಕಾರ್ಟ್ ರೇಸ್ ಇಟ್ಟಿದ್ದೀವಿ. ನಿಮ್ಮ ಹೆಸರೇ ಮೊದಲು."

"ಅಯ್ಯೋ, ನನಗೆ ಸೊಂಟ..."

"ಗೊತ್ತು ಸಾರ್, ಗೊತ್ತು. ಹಳೇ ಗಾಯ. ಆದ್ರೆ ನೀವು ಕೂತ್ರೆ ಸಾಕು, ಗಾಡಿ ತಾನೇ ಓಡುತ್ತೆ ಬಿಡಿ!" ಅಂತ ನಕ್ಕು ಫೋನಿಟ್ಟ.

ಭಾನುವಾರ ಬಂತು. ಬರಬೇಡ ಅಂದರೆ ಕೇಳುವ ವಾರ ಅದಲ್ಲ. ಟ್ರ್ಯಾಕಿನ ಸುತ್ತ ಬೇಲಿಗೆ ಜನ ಅಂಟಿಕೊಂಡಿದ್ದರು. ಕ್ಷೌರದವನು ಅಂಗಡಿಗೆ ಬೀಗ ಹಾಕಿ ಬಂದಿದ್ದ. ಟ್ರಾಫಿಕ್ ಪೊಲೀಸಿನವನು ರಜೆ ಹಾಕಿ ಹೂವಿನ ಶರ್ಟು ತೊಟ್ಟು ಬಂದಿದ್ದ. ಆದರೂ ಅಭ್ಯಾಸಬಲದಿಂದ ಪಾರ್ಕಿಂಗಿನಲ್ಲಿ ಕೈ ಬೀಸುತ್ತಿದ್ದ. ಅತ್ತೆ ಕೊಡೆ ಬಿಚ್ಚಿಕೊಂಡು, ಅಳಿಯನ ಮೇಲಿನ ಸಿಟ್ಟನ್ನು ಬಿಚ್ಚದೆ, ಮುಂದಿನ ಸಾಲಿನಲ್ಲೇ ಕೂತಿದ್ದರು.

ಬೆಳಿಗ್ಗೆ ಮಕ್ಕಳ ಮೊದಲ ಸುತ್ತಿನ ಓಟ. ಇದರಲ್ಲಿ ಬಂದ ಸ್ಥಾನದ ಪ್ರಕಾರ ಮಧ್ಯಾಹ್ನ ಫೈನಲ್‌ನಲ್ಲಿ ನಿಲ್ಲಿಸುತ್ತಾರೆ. ಬಾವುಟ ಬಿತ್ತು. ಚಿನಕುರುಳಿ ಬಾಣದ ಹಾಗೆ ಹೊರಟು ಮೂರನೆಯವಳಾಗಿ ಆ ಉದ್ದ ತಿರುವಿಗೆ ಬಂದಳು. ಬಂದವಳು ಗಾಡಿಯನ್ನು ಪಕ್ಕಕ್ಕೆ ಸರಿಸಿ, ನಿಧಾನ ಮಾಡಿ, ಕೈ ಎತ್ತಿ, ಹಿಂದಿನವರಿಗೆ 'ಬನ್ನಿ, ಬನ್ನಿ' ಅಂತ ಬೀಸಿದಳು.

"ಎಂಜಿನ್ ಹೋಯ್ತಾ?" ಕೋಚ್ ಮೇಡಂ ಕಿರುಚಿದರು.

ಎಂಜಿನ್ ಹೋಗಿರಲಿಲ್ಲ. ಹೋದವರು ಮಕ್ಕಳು. ನಾಲ್ಕನೆಯವನು ಹೋದ, ಐದನೆಯವಳು ಹೋದಳು, ಕೆಂಪು ಹೆಲ್ಮೆಟ್ಟಿನ ಒಬ್ಬ ಹುಡುಗ ನಂಬಲಾರದೆ ತಿರುಗಿ ತಿರುಗಿ ನೋಡುತ್ತಾ ಹೋದ. ಕೊನೆಯವನೂ ಹೋದ ಮೇಲೆ ಚಿನಕುರುಳಿ ತೃಪ್ತಿಯಿಂದ ಹೊರಟಳು. ರಸ್ತೆ ಪೂರ್ತಿ ಅವಳದೇ ಆಗಿತ್ತು. ಆದರೆ ಎಲ್ಲರೂ ಅರ್ಧ ಸುತ್ತು ಮುಂದಿದ್ದರು. ಎಷ್ಟು ಒತ್ತಿದರೂ ಹಿಡಿಯಲಾಗಲಿಲ್ಲ. ಕೊನೆಯವಳಾಗಿ ಬಂದು ಗಾಡಿ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಅಪ್ಪನ ಮುಖ ನೋಡಿ ಕೇಳಿದಳು:

"ಅಪ್ಪಾ, ನೀನು ಹೇಳಿದ ಹಾಗೆ ಎಲ್ಲರೂ ಹೋದ್ರು. ಆಮೇಲೆ ಏನ್ ಮಾಡ್ಬೇಕಿತ್ತು?"

ಕೋಚ್ ಮೇಡಂ ಬಾಯಿಂದ ಸೀಟಿ ಕೆಳಗೆ ಬಿತ್ತು. ಆಕೆ ಸಾಹುಕಾರರನ್ನು ಕಾಲಿಂದ ತಲೆಯವರೆಗೆ ನೋಡಿದರು. "ಇವರು ಹೇಳಿದ್ರಾ?"

"ಹೂಂ ಮೇಡಂ. ಅಪ್ಪ ಹಳೇ ಚಾಂಪಿಯನ್."

ಮೇಡಂ ಸೀಟಿ ಎತ್ತಿಕೊಂಡು, ಮಣ್ಣು ಊದಿ, "ಫೈನಲ್‌ನಲ್ಲಿ ಕೊನೇ ಸಾಲಿಂದ ಹೊರಡ್ಬೇಕಾಗುತ್ತೆ," ಅಂತಷ್ಟೇ ಹೇಳಿ ಹೋದರು. ಬೈದಿದ್ದರೆ ವಾಸಿಯಿತ್ತು.

ಕಾರ್ಟು ಹೇರಿಕೊಂಡು ಬಂದಿದ್ದ ವ್ಯಾನಿನ ಹಿಂದೆ, ಮಲಗಿಸಿಟ್ಟ ಟೈರಿನ ಮೇಲೆ ಚಿನಕುರುಳಿ ಕೂತಿದ್ದಳು. ಸಾಹುಕಾರರು ಅವಳ ಎದುರು ನೆಲದ ಮೇಲೆ ಕೂತರು. ಬಾಳೆಹಣ್ಣು ಸುಲಿದು ಕೈಗೆ ಕೊಟ್ಟರು. ಅವಳು ತಿನ್ನಲಿಲ್ಲ.

"ಪುಟ್ಟಿ, ನಾನು ಯಾವತ್ತೂ ರೇಸ್ ಓಡ್ಸಿಲ್ಲ."

"ಒಂದೂ?"

"ಒಂದೂ."

"ಬೆಂಕಿಯಿಂದ ಹಾರಿದ್ದು?"

"ಒಲೆ ಹಚ್ಚೋಕೂ ನಿಮ್ಮಮ್ಮನ್ನ ಕರೀತೀನಲ್ಲ, ನೋಡಿಲ್ವಾ?"

"ಸೊಂಟದ ಗಾಯ?"

"ಹಾಸಿಗೆ ರಾಶಿ ಮೇಲಿಂದ ಬಿದ್ದೆ. ಸುತ್ತಮುತ್ತ ಬರೀ ಹಾಸಿಗೆ. ನಾನು ಹುಡುಕಿ ಹುಡುಕಿ ನೆಲದ ಮೇಲೆ ಬಿದ್ದೆ." ಸಾಹುಕಾರರ ದನಿ ಸಣ್ಣದಾಯಿತು. "ಅವತ್ತೂ ಅಷ್ಟೇ. ನೀನು ಬಿದ್ದಿದ್ದು ನೋಡಿ ಹೆದ್ರಿ ಬಿದ್ದೆ. ಹಳೇದೇನೂ ನೆನಪಾಗಲಿಲ್ಲ. ನೆನಪಾಗೋಕೆ ಏನೂ ಇಲ್ಲ."

ಚಿನಕುರುಳಿ ಗ್ಲೌಸಿನ ಕೈಯಿಂದ ಕಣ್ಣು ಒರೆಸಿಕೊಂಡಳು. ಕೆನ್ನೆಯ ಮೇಲೆ ಗ್ರೀಸಿನ ಗೆರೆ ಎದ್ದಿತು. "ನಾನು ಎಲ್ಲರಿಗೂ ಕೈ ಬೀಸಿದೆ," ಅಂದಳು. "ಆ ಕೆಂಪು ಹೆಲ್ಮೆಟ್ಟಿನವನಿಗೂ. ಅವನು ನಕ್ಕ ಅಪ್ಪಾ. ಹೆಲ್ಮೆಟ್ ಒಳಗಿಂದಾನೂ ಗೊತ್ತಾಯ್ತು."

"ತಪ್ಪಾಯ್ತು ಪುಟ್ಟಿ. ದೊಡ್ಡ ತಪ್ಪಾಯ್ತು."

ಧ್ವನಿವರ್ಧಕ ಗೊರಗೊರ ಅಂದು ಕಾರ್ಯದರ್ಶಿಯ ದನಿ ಬಂತು: "ಅಪ್ಪ-ಅಮ್ಮಂದಿರ ರೇಸು ಈಗ ಶುರು! ನಮ್ಮ ಹಳೇ ಹುಲಿ ಎಲ್ಲಿದ್ರೂ ಬರಬೇಕು!"

ಸಾಹುಕಾರರು ಎದ್ದರು. "ಹೋಗಿ ಹೇಳ್ಬಿಡ್ತೀನಿ. ನನ್ನ ಕೈಲಿ ಆಗಲ್ಲ ಅಂತ."

"ಹೇಳು. ಆದ್ರೆ ಓಡ್ಸಿ ಆಮೇಲೆ ಹೇಳು." ಚಿನಕುರುಳಿಯ ಮುಖ ಥೇಟ್ ಕೋಚ್ ಮೇಡಂ ಮುಖವಾಗಿತ್ತು. "ನಂಗೆ ಅಷ್ಟೆಲ್ಲ ಹೇಳಿದ್ಯಲ್ಲ, ನೀನೂ ಒಂದ್ಸಲ ಕೂತು ನೋಡು. ಬಲಗಾಲು ಓಡೋಕೆ, ಎಡಗಾಲು ನಿಲ್ಲೋಕೆ. ಎರಡೂ ಒಟ್ಟಿಗೆ ಒತ್ಬೇಡ. ತಿರುವಲ್ಲಿ ಎಲ್ಲಿಗೆ ಹೋಗ್ಬೇಕೋ ಅಲ್ಲಿ ನೋಡು. ಅಂಚಲ್ಲಿ ಪೇರಿಸಿರೋ ಟೈರ್ ಗುಡ್ಡೆ ನೋಡ್ಲೇಬೇಡ. ಏನು ನೋಡ್ತೀಯೋ ಅಲ್ಲಿಗೇ ಹೋಗ್ತೀಯ."

ಸಾಹುಕಾರರನ್ನು ಕಾರ್ಟಿನೊಳಗೆ ಇಳಿಸಲು ಇಬ್ಬರು ಭುಜ ಒತ್ತಬೇಕಾಯಿತು. ಮೊಣಕಾಲು ಕಿವಿಯ ಪಕ್ಕಕ್ಕೆ ಬಂದವು. ಬಾವುಟ ಬಿತ್ತು; ಉಳಿದ ಅಪ್ಪ-ಅಮ್ಮಂದಿರು ಹೋದರು; ಸಾಹುಕಾರರು ಎರಡೂ ಕಾಲು ಒಟ್ಟಿಗೆ ಒತ್ತಿಕೊಂಡು ಅಲ್ಲೇ ಗುಡುಗುತ್ತಾ ಕೂತಿದ್ದರು.

"ಗಮನಿಸಿ!" ಕಾರ್ಯದರ್ಶಿ ಮೈಕಿನಲ್ಲಿ ಕೂಗಿದ. "ಹಳೇ ಹುಲಿ ಉಳಿದವರಿಗೆ ಅವಕಾಶ ಕೊಡ್ತಾ ಇದೆ!"

ಬೇಲಿಯ ಕಡೆಯಿಂದ ಚಪ್ಪಾಳೆ. ಎಡಗಾಲು ಎತ್ತಬೇಕು ಅಂತ ನೆನಪಾಗಿ ಎತ್ತಿದರು. ಕಾರ್ಟು ಕಪ್ಪೆಯ ಹಾಗೆ ನೆಗೆಯಿತು. ಮೊದಲ ತಿರುವಿನಲ್ಲಿ ಟೈರ್ ಗುಡ್ಡೆ ನೋಡಬಾರದು ಅಂತ ಅವರು ಗುಡ್ಡೆಯನ್ನೇ ದಿಟ್ಟಿಸಿ ನೋಡುತ್ತಾ ಅಂದುಕೊಂಡರು. ಹೋಗಿ ಅದರಲ್ಲೇ ಮೂತಿ ಇಟ್ಟರು. ಕೆಲಸಗಾರರು ಎಳೆದು ಬಿಟ್ಟರು. ಎರಡನೇ ತಿರುವಿನಲ್ಲಿ ಗುಡ್ಡೆಗೆ ಬರೀ ಭುಜ ತಾಗಿತು. ಮೂರನೆಯದರಲ್ಲಿ ಅವರು ಗುಡ್ಡೆ ಬಿಟ್ಟು, ತಿರುವಿನಾಚೆಯ ನೇರ ರಸ್ತೆಯನ್ನು ನೋಡಿದರು. ಅಚ್ಚರಿ ಅಂದರೆ, ಗಾಡಿ ಅಲ್ಲಿಗೇ ಹೋಯಿತು.

ನೇರ ರಸ್ತೆ ಸಿಕ್ಕಿತು. ಸಾಹುಕಾರರ ಬಲಗಾಲು, ಯಾರನ್ನೂ ಕೇಳದೆ, ಪೂರ್ತಿ ಕೆಳಗೆ ಹೋಯಿತು. ಗಾಳಿ ಹೆಲ್ಮೆಟ್ಟಿನೊಳಗೆ ನುಗ್ಗಿ ಸಿಳ್ಳೆ ಹಾಕಿತು. ಅವರ ಗಂಟಲಿಂದ ಒಂದು ಕೂಗು ಹೊರಟಿತು. ಅದು ಭಯದ ಕೂಗೋ ಏನೋ ಅಂತ ಹೆಂಡತಿ ಗಾಬರಿಯಿಂದ ಎದ್ದು ನಿಂತರು. ಭಯದ್ದಲ್ಲ. ಅವರು ನಗುತ್ತಿದ್ದರು.

ರೇಸು ಮುಗಿಯಿತು. ಕಪ್ಪು-ಬಿಳಿ ಚೌಕದ ಬಾವುಟ ಬೀಸಿದರು. ತಮ್ಮನ್ನು ಹುರಿದುಂಬಿಸುತ್ತಿದ್ದಾರೆ ಅಂತ ಸಾಹುಕಾರರು ಕೈ ಬೀಸಿ ಮುಂದೆ ಹೋದರು. ಉಳಿದವರೆಲ್ಲ ಗಾಡಿ ಒಳಗೆ ತಂದು, ಇಳಿದು, ನೀರು ಕುಡಿದರು. ಸಾಹುಕಾರರು ಇನ್ನೂ ಸುತ್ತುತ್ತಿದ್ದರು. ಈಗ ನಿಜಕ್ಕೂ ಎಲ್ಲರೂ ಹೋಗಿದ್ದರು, ರಸ್ತೆ ಪೂರ್ತಿ ಅವರದೇ. ಕೆಂಪು ಬಾವುಟ ತೋರಿಸಿದರು; ಅದಕ್ಕೂ ಕೈ ಬೀಸಿದರು. ಕೋಚ್ ಮೇಡಂ ಕೆನ್ನೆ ಉಬ್ಬಿಸಿ ಸೀಟಿ ಊದಿದರು; ಇನ್ನೊಂದು ಸುತ್ತು ಹೋದರು. ಹೂವಿನ ಶರ್ಟಿನ ಟ್ರಾಫಿಕ್ ಪೊಲೀಸಿನವನು ಬೇಲಿ ಹತ್ತಿ ಎರಡೂ ಕೈ ಅಡ್ಡ ಹಿಡಿದ. ಅವನಿಗೆ ಸಲಾಮು ಹೊಡೆದು ಹೋದರು. ಏನೂ ಕಾಣಿಸಲಿಲ್ಲ, ಕೇಳಿಸಲಿಲ್ಲ ಅಂತ ಆಮೇಲೆ ಅವರು ಹೇಳಿದ್ದುಂಟು. ಸಲಾಮು ಹೊಡೆದದ್ದು ಹೇಗೆ ಅಂತ ಯಾರೂ ಕೇಳಲಿಲ್ಲ.

ಕೊನೆಗೆ ಚಿನಕುರುಳಿ ಬೇಲಿಯ ಬಳಿ ಹೋಗಿ, ಅಂಗೈ ಕೆಳಗೆ ಮಾಡಿ, ಮೆಲ್ಲಗೆ ಒಂದೇ ಸಲ ಒತ್ತಿ ತೋರಿಸಿದಳು. ಸಾಹುಕಾರರು ಎಡಗಾಲು ಒತ್ತಿದರು. ಕಾರ್ಟು ಅವಳ ಎದುರೇ ಬಂದು ನಿಂತಿತು.

"ಹೇಗಿತ್ತು?" ಅಂದಳು.

"ಪುಟ್ಟಿ," ಅಂದರು ಸಾಹುಕಾರರು, ಹೆಲ್ಮೆಟ್ ತೆಗೆಯಲು ಹೆಣಗಾಡುತ್ತಾ, "ನಿನಗೆ ಇದು ದಿನಾ ಹೀಗೇ ಇರುತ್ತಾ?"

ಚಿನಕುರುಳಿ ಇಷ್ಟು ಹೊತ್ತು ಹಿಡಿದಿಟ್ಟಿದ್ದ ಸಿಟ್ಟು ಎಲ್ಲಿ ಹೋಯಿತೋ. ಪಕಪಕ ನಕ್ಕುಬಿಟ್ಟಳು.

ಕಾರ್ಯದರ್ಶಿ ಮೈಕು ತಂದು ಮುಖಕ್ಕೆ ಹಿಡಿದ. ಸಾಹುಕಾರರು ಮಗಳ ಕಡೆ ನೋಡಿದರು. ಅವಳು ತಲೆ ಆಡಿಸಿದಳು. ಅವರು ಮೈಕು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ನಾನು ರೇಸರ್ ಅಲ್ಲ. ಯಾವತ್ತೂ ಆಗಿರಲಿಲ್ಲ. ಇವತ್ತೇ ಮೊದಲ ಸಲ ಕೂತಿದ್ದು. ಅವತ್ತು ನಾನು ಗಾಡಿಯಿಂದ ಬೀಳಲಿಲ್ಲ, ಮಗಳು ಬಿದ್ದಿದ್ದು ನೋಡಿ ಎಚ್ಚರ ತಪ್ಪಿ ಬಿದ್ದೆ. ನಾನು ಹಾಸಿಗೆ ಮಾರೋನು. ಅಷ್ಟೇ."

ಬೇಲಿಯ ಬಳಿ ಕ್ಷೌರದವನು ಎದ್ದು ನಿಂತ. ಅವನ ಕಣ್ಣು ತುಂಬಿ ಬಂದಿತ್ತು.

"ನೋಡಿದ್ರಾ!" ಅಂತ ಕೂಗಿದ. "ಎಂಥಾ ವಿನಯ!"

"ತುಂಬಿದ ಕೊಡ ತುಳುಕೋದಿಲ್ಲ!" ಅಂದ ಟ್ರಾಫಿಕ್ ಪೊಲೀಸಿನವನು.

"ಅಲ್ರೀ, ನಿಜವಾಗ್ಲೂ ನನಗೆ ಬರೋದಿಲ್ಲ! ನೀವೇ ನೋಡಿದ್ರಲ್ಲ!"

"ನೋಡಿದ್ವಿ ಸಾರ್, ನೋಡಿದ್ವಿ! ಬೇಕಂತಾನೇ ಗುದ್ದಿದ್ರಿ! ಮಕ್ಕಳು ನಗಲಿ ಅಂತ!" ಚಪ್ಪಾಳೆಯಲ್ಲಿ ಸಾಹುಕಾರರ ಮುಂದಿನ ಮಾತು ಮುಳುಗಿಹೋಯಿತು. ಸುಳ್ಳನ್ನು ಒಂದು ವಾರದಲ್ಲಿ ಇಡೀ ಊರು ನಂಬಿತ್ತು. ನಿಜವನ್ನು ಮೈಕು ಹಿಡಿದು ಹೇಳಿದರೂ ಯಾರೂ ಕೊಳ್ಳಲಿಲ್ಲ. ಕೋಚ್ ಮೇಡಂ ಮಾತ್ರ ಹತ್ತಿರ ಬಂದು ಗಂಭೀರವಾಗಿ, "ಸರ್, ನಾನು ನಂಬ್ತೀನಿ," ಅಂದರು.

ಮಧ್ಯಾಹ್ನ ಫೈನಲ್. ಚಿನಕುರುಳಿ ಕೊನೆಯ ಸಾಲಿನಲ್ಲಿದ್ದಳು. ಹೆಂಡತಿ ಸ್ಟಾಪ್‌ವಾಚು ಹಿಡಿದು ನಿಂತರು. ಮುನ್ನೆಚ್ಚರಿಕೆಯಾಗಿ ಗಂಡನ ಹಿಂದೆ ಒಂದು ಮಡಚುವ ಕುರ್ಚಿ ಬಿಚ್ಚಿಟ್ಟರು. ಬಾವುಟ ಬಿತ್ತು. ಸಾಹುಕಾರರು ಕಣ್ಣು ಮುಚ್ಚಲಿಲ್ಲ. ನೇರ ರಸ್ತೆಯಲ್ಲಿ ಅವಳು ಇಬ್ಬರನ್ನು ದಾಟಿದಳು. ತಿರುವಿನಲ್ಲಿ ಒಳಗಿನಿಂದ ನುಸುಳಿ ಮತ್ತೊಬ್ಬನನ್ನು ದಾಟಿದಳು. "ಬಲಗಾಲು, ಬಲಗಾಲು!" ಅಂತ ಸಾಹುಕಾರರು ನಿಂತಲ್ಲೇ ತಮ್ಮ ಬಲಗಾಲನ್ನು ನೆಲಕ್ಕೆ ಒತ್ತುತ್ತಿದ್ದರು, ಪಕ್ಕದಲ್ಲಿ ನಿಂತಿದ್ದ ಕ್ಷೌರದವನ ಪಾದ ಅದರ ಕೆಳಗಿತ್ತು. ಅವನು ಗೌರವದಿಂದ ಸುಮ್ಮನಿದ್ದ. ಕೊನೆಯ ಸುತ್ತಿನ ಉದ್ದ ತಿರುವಿನಲ್ಲಿ ಕೆಂಪು ಹೆಲ್ಮೆಟ್ಟು ಅವಳ ಮುಂದಿತ್ತು. ತಿರುವು ಮುಗಿಯುವಾಗ ಹಿಂದಿತ್ತು. ಈ ಸಲ ಅವಳು ಯಾರಿಗೂ ಕೈ ಬೀಸಲಿಲ್ಲ.

ಬಂದದ್ದು ನಾಲ್ಕನೇ ಸ್ಥಾನ. ಮೂವರು ಕಪ್ಪು ಎತ್ತಿ ಹಿಡಿದರು, ಅವರ ಕೈಗೆ ಹೂಗುಚ್ಛ ಕೊಟ್ಟರು. ಚಿನಕುರುಳಿ ಗಾಡಿಯಿಂದ ಹಾರಿ, "ಎಲ್ಲರಿಗಿಂತ ಹಿಂದಿಂದ ಬಂದೆ! ಎಲ್ಲರಿಗಿಂತ ಹಿಂದಿಂದ!" ಅಂತ ಕುಣಿದಳು. ಕುರ್ಚಿ ಖಾಲಿಯೇ ಇತ್ತು. ಹೆಂಡತಿ ಅದನ್ನು ಮಡಚಿ ವ್ಯಾನಿಗೆ ಹಾಕುತ್ತಾ ಗಂಡನಿಗೆ, "ಪರವಾಗಿಲ್ಲ, ಎದ್ರಿ," ಅಂದರು.

ಜನ ಕರಗಿದರು. ಸಾಮಾನು ತುಂಬುತ್ತಿರುವಾಗ ಅತ್ತೆ ಎಲ್ಲೂ ಕಾಣಲಿಲ್ಲ. ನೋಡಿದರೆ, ಅಪ್ಪ-ಅಮ್ಮಂದಿರ ಕಾರ್ಟು ನಿಲ್ಲಿಸಿದ್ದ ಕಡೆ, ಒಂದು ಗಾಡಿಯನ್ನು ಸುತ್ತು ಹಾಕುತ್ತಾ ಕೊಡೆಯ ತುದಿಯಿಂದ ಅದರ ಟೈರು ತಟ್ಟಿ ನೋಡುತ್ತಿದ್ದರು.

"ಅಳಿಯಂದಿರೇ," ಅಂದರು, "ನಿಮಗೇನೂ ಬರೋದಿಲ್ಲ ಅಂದ್ರಲ್ಲ, ನಾನು ನಂಬಿದೆ. ನೀವು ಓಡಿಸಿದ್ದನ್ನ ಕಣ್ಣಿರೋರು ಯಾರು ನೋಡಿದ್ರೂ ನಂಬ್ತಾರೆ."

"ಹೌದು ಅತ್ತೆ. ದಯವಿಟ್ಟು ಎಲ್ಲರಿಗೂ ಹೇಳಿ."

"ಅದಿರಲಿ." ಆಕೆ ಆಚೀಚೆ ನೋಡಿ ದನಿ ತಗ್ಗಿಸಿದರು. "ಏನೂ ಬಾರದ ನೀವೇ ಅಷ್ಟು ನಕ್ಕೊಂಡು ಸುತ್ತಿದ್ರಿ ಅಂದ್ಮೇಲೆ... ಇದರಲ್ಲಿ ನನ್ನ ಗಾತ್ರದವರು ಹಿಡೀತಾರಾ?"

ಚಿನಕುರುಳಿ ಆಗಲೇ ಓಡಿ ಹೋಗಿ ಕಾರ್ಯದರ್ಶಿಯನ್ನು ಕಾಡಿ ಒಪ್ಪಿಸಿ, ದೊಡ್ಡದೊಂದು ಹೆಲ್ಮೆಟ್ಟು ತಂದಿದ್ದಳು. ಸಾಹುಕಾರರು ಒಂದು ತೋಳು ಹಿಡಿದರು, ಅವರ ಹೆಂಡತಿ ಇನ್ನೊಂದು ತೋಳು. ಅತ್ತೆ ಇಂಚಿಂಚಾಗಿ ಇಳಿದರು, ಸೀಟು ಒಮ್ಮೆ ಕಿರ್ರ್ ಅಂತು, ಕೂತರು. ಎಷ್ಟು ಭದ್ರವಾಗಿ ಕೂತರೆಂದರೆ, ಬೆಲ್ಟಿನ ಅಗತ್ಯವೇ ಕಾಣಲಿಲ್ಲ.

"ಅಮ್ಮಾ," ಹೆಂಡತಿ ಚಿಂತೆಯಿಂದ ಬಗ್ಗಿ ನೋಡಿದರು, "ಆಮೇಲೆ ಇದರಿಂದ ಹೊರಗೆ ಹೇಗೆ ಬರ್ತೀಯ?"

ಅತ್ತೆ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು, ಮುಂದಿನ ಖಾಲಿ ರಸ್ತೆಯನ್ನು ನೋಡುತ್ತಾ ಮೊಮ್ಮಗಳಿಗೆ ಹೇಳಿದರು:

"ಬರೋದು ಆಮೇಲೆ ನೋಡೋಣ. ಮೊದಲು ಹೋಗೋದು ಹೇಳ್ಕೊಡು."